ಹಡಗಿನ ಬಾಯ್ಲರಿನೊಳಗೆ ಎರಡು ಮುದ್ದೆ

1989ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಮುಗಿದಿತ್ತು. ಅಳಲಿಲ್ಲ, ಯಾರನ್ನೂ ದೂರಲಿಲ್ಲ. ಚಾಮರಾಜನಗರದ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ಮೇಸ್ತ್ರಿಯೊಬ್ಬರ ಹಿಂದೆ ಹೋಗಿ ನಿಂತೆ. ಬಾಯ್ಲರ್ ಎಂದರೆ ನೀರು ಕಾಯಿಸಿ ಹಬೆ ಮಾಡುವ ದೊಡ್ಡ ಕಬ್ಬಿಣದ ಡ್ರಮ್ಮು. ಅದರ ಸವೆದ ಕೊಳವೆ ಕಿತ್ತು ಹೊಸದು ಕೂರಿಸುವುದು, ಒಳಗೆ ಕಟ್ಟಿದ ಗಟ್ಟಿ ಪೊರೆಯನ್ನು ಸುತ್ತಿಗೆಯಿಂದ ತಟ್ಟಿ ಕೆರೆಯುವುದು, ಇದೇ ಅಂದಿನಿಂದ ಇಂದಿನವರೆಗೆ ನನ್ನ ಕೆಲಸ. ಬದನಗುಪ್ಪೆಯ ಕಾರ್ಖಾನೆಗಳಿರಲಿ, ಗುಂಡ್ಲುಪೇಟೆ ಕಡೆ ಹೊಲದ ಬದುವಿನಲ್ಲಿ ಅರಿಶಿನ ಬೇಯಿಸುವ ಬಾಯ್ಲರಿರಲಿ, ಕೆಟ್ಟರೆ ನನಗೇ ಫೋನು ಬರುತ್ತದೆ. ಜಂಬ ಎಂದರೆ ಎನ್ನಲಿ. ದುಡಿದು ಗಳಿಸಿದ ಜಂಬ ಅದು.

ಹಡಗಿನ ಕೆಲಸ ಸಿಕ್ಕಿದ್ದೂ ಈ ಅರಿಶಿನದ ಬಾಯ್ಲರಿನಿಂದಲೇ. ಗುಂಡ್ಲುಪೇಟೆ ಹತ್ತಿರ ಶುಂಠಿ ಹಾಕಲು ಜಮೀನು ಗುತ್ತಿಗೆ ಹಿಡಿದಿದ್ದ ಮಲಯಾಳಿಯೊಬ್ಬರು ಒಂದು ದಿನ ನನ್ನ ಕೆಲಸ ನೋಡುತ್ತಾ ನಿಂತಿದ್ದರು.

"ನಮ್ಮಣ್ಣನ ಹತ್ರನೂ ಇಂಥದ್ದೇ ಒಂದು ಹಳೇದುಂಟು. ಆದ್ರೆ ಅದು ನೀರಲ್ಲಿ ತೇಲ್ತದೆ, ಬರ್ತೀರಾ?" ಎಂದರು.

ಅವರಣ್ಣ ಹಡಗಿನ ಎಂಜಿನ್ ಕೆಲಸದಿಂದ ನಿವೃತ್ತರಾಗಿ, ಕೊಚ್ಚಿಯಲ್ಲಿ ಹಡಗು ನಿಲ್ಲುವ ಹಳೆಯ ಧಕ್ಕೆಯಲ್ಲಿ ಒಂದು ಹಬೆಯ ಟಗ್ಗನ್ನು ನೋಡಿಕೊಳ್ಳುತ್ತಿದ್ದರು. ಟಗ್ಗೆಂದರೆ ದೊಡ್ಡ ಹಡಗುಗಳಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆದು ತರುವ ಗಿಡ್ಡ ಹಡಗು. ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿ, ಈಗ ಜನ ನೋಡಲೆಂದು ಉಳಿಸಿಕೊಂಡಿದ್ದರು. ಬರಿದೆ ಬಣ್ಣ ಬಳಿದು ನಿಲ್ಲಿಸುವುದು ಬೇಡ, ಒಮ್ಮೆಯಾದರೂ ಒಲೆ ಹಚ್ಚಿ ಅದನ್ನು ಓಡಿಸಬೇಕು ಎಂಬುದು ಆ ಹಿರಿಯರ ಆಸೆ.

ರಾತ್ರಿ ವಾಹನ ಬಿಡದ ಕಾಡಿನ ಗೇಟು ಬೆಳಗ್ಗೆ ತೆರೆದ ಕೂಡಲೇ ನನ್ನ ಗೂಡ್ಸ್ ಗಾಡಿಯಲ್ಲಿ ಹೊರಟೆವು. ನಾನು, ನನ್ನ ಹೆಂಡತಿಯ ತಮ್ಮ, ಇನ್ನಿಬ್ಬರು ಆಳು. ಹೆಂಡತಿ ಒಂದು ಚೀಲ ರಾಗಿ ಹಿಟ್ಟು, ಹುರುಳಿ ಕಾಳು, ಉಪ್ಸಾರಿನ ಖಾರ ಎಲ್ಲ ಕಟ್ಟಿಕೊಟ್ಟಿದ್ದಳು.

ಸಮುದ್ರವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಧಕ್ಕೆಯ ಅಂಚಿನ ಕಲ್ಲುಗಳಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಕಚ್ಚುಗಳಲ್ಲಿ ನನ್ನ ಮುಂಗೈ ಇಡೀ ಕೂರುತ್ತಿತ್ತು. ಹಿಂದೆ ಸಾಲು ಗೋದಾಮು, ಮೆಣಸು ಒಣಶುಂಠಿಗಳ ವಾಸನೆ. ಎದುರಿಗೆ ಹಡಗು ಓಡಾಡುವ ಅಗಲ ಕಾಲುವೆಯಲ್ಲಿ ಕಂಟೇನರ್ ಹೊತ್ತ ಹಡಗು ಊರೇ ಎದ್ದು ನಡೆದಂತೆ ಸಾಗುತ್ತಿತ್ತು. ಅದು ಹೋದ ಮೇಲೆ ಬಂದ ಅಲೆಗೆ ನಮ್ಮ ಟಗ್ಗು ಮೆಲ್ಲಗೆ ತೂಗುತ್ತಿತ್ತು. ಆ ಹಿರಿಯರನ್ನು ಎಲ್ಲರೂ ಕರೆಯುವಂತೆ ನಾವೂ 'ಚೇಟ' ಎಂದೆವು. ಹಾಗೆಂದರೆ ಅಲ್ಲಿ ಅಣ್ಣ ಎಂದರ್ಥ. ಅವರಿಗೆ ತಮಿಳು ಬರುತ್ತಿತ್ತು, ನನಗೆ ಸಂತೆ ಮಲಯಾಳಂ. ಎರಡನ್ನೂ ಬೆರೆಸಿ ಕೆಲಸ ನಡೆಯಿತು.

ಬಾಯ್ಲರಿನ ಮುಂಭಾಗದ ಕಬ್ಬಿಣದ ತಟ್ಟೆಯಲ್ಲಿ, ಕೆಳಗಡೆ, ಮನುಷ್ಯ ಒಳಗೆ ಹೋಗಲು ಮೊಟ್ಟೆಯಾಕಾರದ ಒಂದು ಕಿಂಡಿ ಇರುತ್ತದೆ. ಅದನ್ನು ನಾವು ಬಾಯಿ ಎನ್ನುತ್ತೇವೆ. ಒಬ್ಬ ಒಳಗೆ ಹೋದರೆ ಇನ್ನೊಬ್ಬ ಬಾಯಿ ಕಾಯಬೇಕು, ಊಟಕ್ಕೂ ಏಳುವಂತಿಲ್ಲ. ಒಳಗೆ ಹೋಗುವವನು ಈಚೆ ಬರುವ ತನಕ ಗಂಜಿ ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ನನ್ನ ಹೊಟ್ಟೆ ಬೆಳೆದ ಮೇಲೆ ಒಳಗಿನ ಕೆಲಸ ಬಾಮೈದನಿಗೆ ಬಂದಿತ್ತು. ಅವನು ಒಣಗಿದ ನುಗ್ಗೇಕಾಯಿಯಂತಿದ್ದ, ಎಂಥ ಬಾಯಲ್ಲೂ ನುಸುಳುತ್ತಿದ್ದ.

ಆದರೆ ಅಲ್ಲಿನ ದಪ್ಪಕ್ಕಿ ಅನ್ನ ಅವನಿಗೆ ಹಿಡಿಸಲಿಲ್ಲ. ಕಡೆಯ ದಿನ ಒಳಗೆ ಕೂತು ಸುತ್ತಿಗೆ ನಿಲ್ಲಿಸಿಬಿಟ್ಟ.

"ಬಾವಾ, ಈ ಗಂಜಿ ಕುಡ್ದು ನನ್ ಕೈಯಿ ಏಳ್ತಿಲ್ಲ. ಮುದ್ದೆ ಕಳ್ಸು, ಇಲ್ದಿದ್ರ ಇಲ್ಲೇ ಮಲಿಕತ್ತೀನಿ."

"ಈಚೆಗ್ ಬಂದ್ ತಿನ್ಲಾ."

"ಈಚೆಗ್ ಬಂದ್ರ ತಿರ್ಗ ಒಳಿಕ್ ಬರದು ನಮ್ಮಪ್ಪನಾಣೆಗೂ ಆಗಲ್ಲ. ಒಂದ್ ಮೂಲೆ ಉಳ್ದದ, ಮುಗುಸ್ಬುಟ್ಟೇ ಬತ್ತೀನಿ."

ಉಳಿದದ್ದು ಒಂದೇ ಮೂಲೆ ತಾನೆ ಎಂದು, ಬಾಯಿಗೆ ಒಬ್ಬ ಆಳನ್ನು ಕೂರಿಸಿ, ಧಕ್ಕೆಯ ಕಟ್ಟೆ ಮೇಲೆ ಸ್ಟೌವ್ ಹಚ್ಚಿ ನಾನೇ ಹಿಟ್ಟು ತಿರುವಿದೆ. ಎರಡು ಮುದ್ದೆ, ಉಪ್ಸಾರು, ಡಬ್ಬಿಯಲ್ಲಿಟ್ಟು ಬಾಯೊಳಗೆ ತಳ್ಳಿದೆವು. ಒಳಗಿನಿಂದ ತೇಗು ಬಂತು. ಆಮೇಲೆ ಸುತ್ತಿಗೆ ಹಬ್ಬದ ತಮಟೆಯಂತೆ ಬಡಿಯಿತು. ಮೂಲೆ ಮುಗಿಯಿತು.

ಬರುವಾಗ ಮೊದಲು ಕೈ ಬಂತು, ತಲೆ ಬಂತು, ಎದೆ ಬಂತು. ಹೊಟ್ಟೆಗೆ ಬಂದು ನಿಂತಿತು.

ಮೊದಲು ನಕ್ಕೆವು. ಅವನೂ ನಕ್ಕ. ಸೋಪಿನ ನೀರು ಬಳಿದು ಎಳೆದೆವು. ಪಕ್ಕೆಯ ಚರ್ಮ ಕಿತ್ತು ಬಂತು, ಅವನು ಬರಲಿಲ್ಲ. ಆಮೇಲೆ ಯಾರೂ ನಗಲಿಲ್ಲ. ಹೆದರಿದಷ್ಟೂ ಅವನು ಉಸಿರು ಒಳಗೆ ಎಳೆದುಕೊಂಡ, ಎಳೆದುಕೊಂಡಷ್ಟೂ ಬಿಗಿಯಾಯಿತು. ಮುಖ ಕೆಂಪಾಗಿ ತುಟಿ ನೀಲಿಗೆ ತಿರುಗತೊಡಗಿತು.

ಚೇಟ ಪಕ್ಕದ ರಿಪೇರಿ ಯಾರ್ಡಿಗೆ ಹೋಗಿ ಗ್ಯಾಸ್ ಕಟ್ಟರ್‌ನವನನ್ನು ಸಿಲಿಂಡರ್ ಸಮೇತ ಕರೆತಂದರು. ಬೆಂಕಿಯಿಂದ ಆ ತಟ್ಟೆ ಕೊಯ್ದರೆ ಬಾಯ್ಲರ್ ಮತ್ತೆ ಹಬೆ ಹಿಡಿಯುವುದಿಲ್ಲ, ಅವರ ಹಡಗು ಇನ್ನು ಬೊಂಬೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಕಬ್ಬಿಣ ಅಲ್ಲವಾ? ಹೋಗಲಿ, ಹುಡುಗ ಬೇಕು," ಎಂದರು. ಕಣ್ಣು ಮಾತ್ರ ತಟ್ಟೆಯ ಮೇಲಿತ್ತು.

ನನ್ನ ಚಿಂತೆ ತಟ್ಟೆಯದಲ್ಲ. ಹೊಟ್ಟೆಗೂ ಬೆಂಕಿಗೂ ನಡುವೆ ನಾಲ್ಕು ಬೆರಳು ಜಾಗವಿರಲಿಲ್ಲ. ಕಾದ ಕಬ್ಬಿಣ ಸುಮ್ಮನೆ ಬಿಡುತ್ತದೆಯೇ? ಆ ಹೊತ್ತಿಗೆ ಸರಿಯಾಗಿ ಹೆಂಡತಿಯ ಫೋನು ಬಂತು. ಸುಳ್ಳು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಬಾಮೈದ "ಅಕ್ಕಾ!" ಎಂದು ಕೂಗಿಬಿಟ್ಟ. ಸ್ಪೀಕರ್ ಹಾಕಿ ಅವನ ಮುಖದ ಹತ್ತಿರ ಹಿಡಿದೆ.

"ಯಾಕ್ಲಾ ಹಂಗ್ ಅರಚ್ಕತ್ತಿದ್ದೀಯೆ?"

"ಸಿಕ್ಕಾಕಂಡ್ಬುಟ್ಟಿ ಕಣಕ್ಕ. ಬಾಯ್ಲರ್ ಬಾಯ್ಲಿ. ಅರ್ಧ ಒಳಗ, ಅರ್ಧ ಈಚೆಗ."

"ಏನ್ ತಿಂದಿದ್ದೆ?"

"ಮುದ್ದೆ."

"ಎಷ್ಟು?"

"ಒಂದು."

"ಎರಡು," ಎಂದೆ ನಾನು.

"ಎಲ್ಡಾ! ಹೊಟ್ಟೆನೋ ರಾಗಿ ತುಂಬೋ ಹಗೇವೋ ಅದು? ಎಲ್ರೂ ಸೇರಿ ಏನ್ ಮಾಡ್ತಿದ್ದೀರಿ ಈಗ?"

"ಎಳೀತಿದ್ದೀವಿ," ಎಂದೆ.

"ಎಳಿಬ್ಯಾಡಿ! ಹೋದ್ ವರ್ಸ ನಮ್ ಹಸ ಈಯ್ವಾಗ ಕರ ಅಡ್ಡ ಸಿಕ್ಕಂಡಿತ್ತಲ್ಲ, ಡಾಕ್ಟ್ರು ಎಳುದ್ರಾ? ಮೊದ್ಲು ಒಳಿಕ್ ತಳ್ಳುದ್ರು. ತಳ್ಳಿ ಸರಿಮಾಡ್ಕಂಡು ಆಮೇಲ್ ತಾನೆ ತಗ್ದುದ್ದು? ಇವನ್ನೂ ಒಳಿಕ್ ತಳ್ರಿ."

ಬಾಮೈದ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. "ಒಳಿಕ್ ಬ್ಯಾಡ ಕಣಕ್ಕ! ಒಳಿಕ್ ಹೋದ್ರ ಅದೇ ನನ್ ಗುಂಡಿ. ಕುಯ್ಯಕ್ ಹೇಳು, ಬೆಂಕಿನಾರ ಹಾಕ್ಲಿ."

"ಬೆಂಕಿ ಹಾಕುದ್ರ ನಾಳಿಕ್ ನಿನ್ನ ನಾನು ಮುದ್ದೆ ಜೊತೇಲಿ ನೆಂಚ್ಕಬೇಕಾ? ನಿನ್ ಬಾವ ಬಾಯ್ ಬುಟ್ಟು ಅಳ್ಳಾಡಲ್ಲ. ನಾನೂ ಫೋನ್ ಮಡಗಲ್ಲ. ಉಸುರ್ ಬುಡ್ಲಾ ಕೂಸೇ. ಪೂರಾ ಬುಡು."

ಅವಳು 'ಕೂಸೇ' ಎಂದಾಗ ಅವನ ಕಣ್ಣಲ್ಲಿ ನೀರು ಬಂತು. ಊಂ ಎಂದು ಉದ್ದಕ್ಕೆ ಉಸಿರು ಬಿಟ್ಟ. ಅದೇ ಗಳಿಗೆಗೆ ನಾನು ಎರಡೂ ಭುಜಕ್ಕೆ ಅಂಗೈ ಕೊಟ್ಟು ಒತ್ತಿದೆ. ಸರಕ್ಕನೆ ಜಾರಿ ಒಳಗೆ ಹೋದ. ಬಾಯಲ್ಲಿ ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ. ಒಳಗಿನಿಂದ ಕೆಮ್ಮು, ಆಮೇಲೆ ದೊಡ್ಡ ಉಸಿರು.

"ಬಾವಾ."

"ಹೇಳ್ಲಾ."

"ಗಾಳಿ ಆಡ್ತದ ಕಣ. ಈಗ ಹಗುರಾಯ್ತು."

ನಾನು ಅಲ್ಲೇ ನೆಲಕ್ಕೆ ಕೂತೆ.

ಇನ್ನು ಮುದ್ದೆ ಕರಗುವ ತನಕ ಕಾಯುವ ಕೆಲಸ. ಗಾಳಿ ಊದುವ ಫ್ಯಾನನ್ನು ಬಾಯಿಗೆ ತಿರುಗಿಸಿದೆವು, ಒಳಗೊಂದು ಬಕೆಟ್ಟು ದಾಟಿಸಿದೆವು. ಹೆಂಡತಿ ಹೇಳಿದಂತೆ ಫೋನು ಇಡಲಿಲ್ಲ. ಬೀದಿಯಲ್ಲಿ ಯಾರು ಯಾರ ಮೇಲೆ ಜಗಳ ಆಡಿದರು, ಯಾರ ಮನೆ ಕೋಳಿ ನಮ್ಮ ಹಿತ್ತಲಿಗೆ ಬಂತು, ಎಲ್ಲ ಒಪ್ಪಿಸಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಉತ್ತರ ನಿಂತಿತು. ಮತ್ತೆ ಗಾಬರಿಯಾಗಿ ಕಿವಿ ಕೊಟ್ಟೆವು. ಗೊರಕೆ! ಕಬ್ಬಿಣದ ಹೊಟ್ಟೆಯೊಳಗೆ ಅದು ಹಡಗಿನ ಎಂಜಿನ್ನೇ ಎದ್ದಂತೆ ಗುಡುಗುಟ್ಟುತ್ತಿತ್ತು. ಚೇಟ ನಕ್ಕೂ ನಕ್ಕೂ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. ಕಟ್ಟರ್‌ನವನಿಗೆ ಚಹಾ ತರಿಸಿಕೊಟ್ಟೆವು. ಅವನು ಕುಡಿದು, ಸಿಲಿಂಡರ್ ಉರುಳಿಸಿಕೊಂಡು ಹೊರಟುಹೋದ.

ಬಿಸಿಲು ಇಳಿದು ಕಬ್ಬಿಣ ತಣ್ಣಗಾದ ಮೇಲೆ ಎಬ್ಬಿಸಿದೆವು. ಈ ಸಲ ಒಂದು ಕೈ ಮುಂದೆ, ಒಂದು ಕೈ ತೊಡೆಗೆ, ಮೈ ಓರೆ, ಉಸಿರು ಪೂರಾ ಹೊರಗೆ. ಎಳೆಯಬೇಕಾಗಲಿಲ್ಲ. ತಾನೇ ಬಂದ. ಎದ್ದು ನಿಂತು ಮೈಯೆಲ್ಲ ತಡವಿಕೊಂಡ. ಚೇಟ ಅವನ ತಲೆ ಸವರಿದರು. ಆಮೇಲೆ ತಟ್ಟೆಯನ್ನೂ ಅಷ್ಟೇ ಮೆಲ್ಲಗೆ ಸವರಿದರು.

"ಬಂದ್ನಾ?" ಎಂದಳು ಫೋನಿನಲ್ಲಿ.

"ಬಂದ," ಎಂದೆ. ಆ ಕಡೆ ಮೂಗು ಎಳೆದುಕೊಂಡ ಸದ್ದು ಕೇಳಿತು.

ಪರೀಕ್ಷೆಗೆ ಬಂದ ಸಾಹೇಬರು ಬಾಯ್ಲರಿಗೆ ನೀರು ತುಂಬಿ ಒತ್ತಡ ನೋಡಿ ಒಪ್ಪಿಕೊಂಡರು. ಒಲೆ ಹಚ್ಚಿದ ದಿನ ಚೇಟ ಸಿಳ್ಳಿನ ಹಗ್ಗವನ್ನು ಬಾಮೈದನ ಕೈಗೆ ಕೊಟ್ಟರು. ಅವನು ಜಗ್ಗಿದಾಗ ಗೋದಾಮಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು, ಕಾಲುವೆಯಲ್ಲಿದ್ದ ದೊಡ್ಡ ಹಡಗೊಂದು ತಾನೂ ಕೂಗಿತು. ಟಗ್ಗು ಹೊಗೆ ಬಿಡುತ್ತಾ ಧಕ್ಕೆ ಬಿಟ್ಟು ಹೊರಟಿತು, ಒಂದು ಸುತ್ತು ಹಾಕಿಕೊಂಡು ಬಂತು. ನಾನು ದಡದಲ್ಲೇ ನಿಂತು ನೋಡಿದೆ. ಸಾಕೆನಿಸಿತು.

ಈಗ ನನಗಿರುವುದು ಇಷ್ಟು: ಹರದನಹಳ್ಳಿಯಲ್ಲಿ ಮೂರು ಕೋಣೆಯ ಮನೆ, ಒಂದು ಗೂಡ್ಸ್ ಗಾಡಿ, ಎರಡು ಪೆಟ್ಟಿಗೆ ಸಾಮಾನು, ಇಬ್ಬರು ಆಳು, ಒಬ್ಬಳು ಹೆಂಡತಿ, ಒಬ್ಬ ಬಾಮೈದ.