ಪ್ರಸಾದದ ಚೀಲಕ್ಕೆ ಕೈ ಹಾಕುವುದು ಹೇಗೆ?

ಒಂದು ಸಹಿ ಹಾಕದೆ ಉಳಿದದ್ದಕ್ಕೆ ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡೆ. ಹಾಕಿದ್ದರೆ ಒಂದು ಗೇಟು ಹೆಸರಿಗಷ್ಟೇ ಗೇಟಾಗಿರುತ್ತಿತ್ತು, ಅದಕ್ಕೇ ಹಾಕಲಿಲ್ಲ.

ಅದು 1998. ಸೇನೆಯಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದ ನಾನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕೋಣೆ ಹಿಡಿದು ಸೆಕ್ಯುರಿಟಿ ತರಬೇತಿ ನಡೆಸುತ್ತಿದ್ದೆ. ಹರಿಹರದ ಕಾರ್ಖಾನೆಯೊಂದು ತನ್ನ ಹನ್ನೆರಡು ಕಾವಲುಗಾರರನ್ನು ಭಯೋತ್ಪಾದಕರ ದಾಳಿ ತಡೆಯಲು ತಯಾರು ಮಾಡಿಕೊಡಿ ಎಂದಿತು. ಅವರು ಹತ್ತು ದಿನ ಎಂದರು, ನಾನು ತಿಂಗಳು ಎಂದೆ, ಇಪ್ಪತ್ತೊಂದಕ್ಕೆ ಕುದುರಿತು. ಕೊನೆಗೆ ಪರೀಕ್ಷೆ: ಡಮ್ಮಿ ಬಾಂಬು, ಅಂದರೆ ಮದ್ದಿಲ್ಲದ ಗಡಿಯಾರ ಮತ್ತು ವೈರು, ಗೇಟು ದಾಟಬಾರದು. ದಾಟಲು ಬಿಟ್ಟವನಿಗೆ ಕೆಲಸವಿಲ್ಲ.

ಹನ್ನೆರಡು ಮಂದಿಯಲ್ಲಿ ಹಿರಿಯ, ನಂದಿಗುಡಿ ಊರಿನ ರುದ್ರಪ್ಪ. ಹೆಂಡತಿ ತೀರಿದ ಮೇಲೆ ಹೋಟೆಲ್ ಊಟದಲ್ಲೇ ದಿನ ನೂಕುತ್ತಿದ್ದ ನನಗೆ ಅವನು ತನ್ನ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಿದ್ದ. "ತಗೊಳ್ರಿ ಸಾರ್, ಒಬ್ರೇ ಉಂಡ್ರೆ ಮೈಗೆ ಹತ್ತಲ್ಲ."

ಪರೀಕ್ಷೆಯ ದಿನ ಅವನ ಗೇಟಿಗೆ ನಾನು ಕಳಿಸಿದ್ದು ವಿಭೂತಿ ಹಚ್ಚಿದ ಮುದುಕರೊಬ್ಬರನ್ನು. "ಸಾಹೇಬ್ರಿಗೆ ಗುಡಿ ಪ್ರಸಾದ ಐತಪ್ಪ" ಎಂದರು. ರುದ್ರಪ್ಪ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, "ಬರ್ರಿ ಅಜ್ಜಾರೆ" ಎಂದು ಒಳಗೆ ಬಿಟ್ಟ. ನಾನು ಹೋಗಿ ಚೀಲ ಬಿಚ್ಚಿ ತೋರಿಸಿದೆ. ಬಾಳೆಹಣ್ಣಿನ ಕೆಳಗೆ ಗಡಿಯಾರ ಓಡುತ್ತಿತ್ತು.

"ಪ್ರಸಾದದಾಗ ಕೈ ಹಾಕಿ ಕೆದಕದು ಹೆಂಗ್ರಿ ಸಾರ್? ನೀವಾಗಿದ್ರೆ ಕೆದಕ್ತಿದ್ರಾ?" ಎಂದು ಕೇಳಿದ.

ಕಾರ್ಖಾನೆಯ ಮ್ಯಾನೇಜರು ನಕ್ಕರು. "ಹನ್ನೆರಡೂ ಪಾಸ್ ಅಂತ ಬರೀರಿ ಹವಾಲ್ದಾರ್ರೆ. ಪ್ರಸಾದ ತಿಂದು ಯಾರ್ ಸತ್ತಾರೆ?" ನಾನು ಹನ್ನೊಂದು ಮಂದಿಗಷ್ಟೇ ಸಹಿ ಹಾಕಿದೆ. ಹಾಗಾದರೆ ಅವನಿಗೆ ಕೆಲಸವಿಲ್ಲ ಎಂದರು. ನಾನು ಬಿಡದೆ ಚೌಕಾಸಿ ಮಾಡಿ, ಹದಿನೈದು ದಿನ ಬಿಟ್ಟು ರುದ್ರಪ್ಪನಿಗೆ ಮತ್ತೊಂದು ಪರೀಕ್ಷೆ ಗಿಟ್ಟಿಸಿದೆ. ಅವನು ಬರಲಿಲ್ಲ.

ಹಣ್ಣು ಕಟ್ಟಿಸಿಕೊಂಡು ನಂದಿಗುಡಿ ಬಸ್ಸು ಹತ್ತಿದೆ. "ಬರ್ರಿ, ಕೂಡ್ರಿ" ಎಂದ, ಮಜ್ಜಿಗೆ ಕೊಟ್ಟ. ಹಣ್ಣಿನ ಚೀಲ ಮುಂದೆ ಮಾಡಿದಾಗ ಅದನ್ನು ಮುಟ್ಟದೆ, "ಬಿಚ್ಚಿ ನೋಡ್ಲೇನ್ರಿ ಸಾರ್?" ಎಂದ. ನಗಲಿಲ್ಲ. ಆಮೇಲೆ ಎಷ್ಟೋ ವರ್ಷ ನನ್ನ ಎದುರಿನ ಕುರ್ಚಿ ಊಟದ ಹೊತ್ತಿಗೆ ಖಾಲಿ.

ಇಪ್ಪತ್ತೊಂದು ದಿನ ಸೂಟ್‌ಕೇಸು, ಟ್ರಾನ್ಸಿಸ್ಟರು, ಟಿಫನ್ ಕ್ಯಾರಿಯರು ಎಲ್ಲ ತಪಾಸಣೆ ಮಾಡಿಸಿದ್ದೆ. ಪ್ರಸಾದವನ್ನು ಮಾತ್ರ ಪರೀಕ್ಷೆಗೆಂದು ಬಚ್ಚಿಟ್ಟಿದ್ದೆ. ನಮ್ಮವರು ಸೋಲುವುದು ಅಲ್ಲೇ ಎಂದು ಗೊತ್ತಿತ್ತು.

ನಿಮ್ಮಲ್ಲೂ ಕಾವಲುಗಾರರಿದ್ದರೆ ಗೇಟಿನ ಪಕ್ಕ ಒಂದು ಮೇಜು, ಮೇಲೊಂದು ಒಗೆದ ಬಿಳಿ ಬಟ್ಟೆ ಇಡಿಸಿ. ಪ್ರಸಾದವನ್ನು ತಂದವರ ಕೈಯಿಂದಲೇ ಬಿಚ್ಚಿಸಿ. ದೇವರಿಗೂ ಅಪಚಾರವಿಲ್ಲ, ಕಾವಲಿಗೂ ಲೋಪವಿಲ್ಲ. ಇದನ್ನು ಕಲಿಸಲು ಐದು ನಿಮಿಷ ಸಾಕು. ಕಲಿಸುವ ತನಕ ಯಾರನ್ನೂ ಫೇಲು ಮಾಡಬೇಡಿ.