ಪೆರಿನಾಳ ಒಂದು ಕೈ

ಪೆರಿನಾ ಈಜು ಕಲಿತದ್ದು ಮೀನಿನ ಚೌಕಾಸಿಗಾಗಿ. ತಾಯಿತಂದೆ ಇಲ್ಲದ ಅವಳನ್ನು ಸಾಕಿದ ಕೇಕಾತ್ತೆಗೆ ಕಡಲತಡಿಯ ಸ್ಪ್ಲಿಟ್ ಊರಿನ ಮೀನುಪೇಟೆಯಲ್ಲಿ ಒಂದು ಕಲ್ಲಿನ ಕಟ್ಟೆ ಇತ್ತು. ಬೆಳಗ್ಗೆ ದೋಣಿಗಳು ದಡ ಮುಟ್ಟುವ ಮೊದಲೇ ಹುಡುಗಿ ನೀರಿಗೆ ಧುಮುಕಿ ಎದುರು ಹೋಗಿ, ಒಳ್ಳೆಯ ಬುಟ್ಟಿಯನ್ನು ಅತ್ತೆಯ ಹೆಸರಿಗೆ ಹಿಡಿದಿಡುತ್ತಿದ್ದಳು. ಮಾತಾಡಬೇಕಾದರೆ ತಲೆ ನೀರಿನ ಮೇಲೇ ಇರಬೇಕಲ್ಲ. ಹಾಗಾಗಿ ಅವಳಿಗೆ ಒಗ್ಗಿದ್ದು ಕಪ್ಪೆಈಜು ಒಂದೇ. ಎರಡು ಕೈಯಿಂದ ನೀರನ್ನು ಬಗೆದು, ಕಾಲು ಮಡಚಿ ಚಿಮ್ಮುತ್ತಾ, ಅವಳು ದೋಣಿಯವರ ಜೊತೆ ಜಗಳವಾಡುತ್ತಲೇ ಮುಂದೆ ಸಾಗುತ್ತಿದ್ದಳು.

ಆ ಕಾಲಕ್ಕೆ ದೇಶದೇಶಗಳ ನಡುವಿನ ಪಂದ್ಯಗಳಲ್ಲಿ ಹೆಂಗಸರಿಗೂ ಕಪ್ಪೆಈಜಿನ ಸ್ಪರ್ಧೆ ಇಡತೊಡಗಿದ್ದರು. ಊರಿನ ಈಜು ಸಂಘದವರು ಪೆರಿನಾಳನ್ನು ಹುಡುಕಿಕೊಂಡು ಪೇಟೆಗೇ ಬಂದರು. ಅವರು ತಂದ ಈಜುಡುಗೆಯನ್ನು ಅತ್ತೆ ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಇದನ್ನ ಹಾಕ್ಕೊಂಡು ಊರ ಮುಂದೆ ನಿಲ್ತೀಯೇನೇ? ಇದ್ರಲ್ಲಿ ನಾಲ್ಕು ಬೂತಾಯಿ ಮೀನು ಸುತ್ತಿಕೊಡೋಕೂ ಬಟ್ಟೆ ಸಾಲಲ್ಲ."

"ನಾನು ನೀರೊಳಗೆ ಇರ್ತೀನಲ್ಲ ಅತ್ತೆ, ಯಾರಿಗೆ ಕಾಣತ್ತೆ?"

"ಹತ್ತಿ ಮೇಲೆ ಬರೋದಿಲ್ವಾ?"

ಆದರೂ ಪಂದ್ಯಕ್ಕೆಂದು ಪ್ರಾಗ್‌ನಿಂದ ತಂಡ ಬಂದ ದಿನ, ಕಪ್ಪು ತಲೆವಸ್ತ್ರ ಕಟ್ಟಿಕೊಂಡು ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ ಕೂತವಳು ಕೇಕಾತ್ತೆಯೇ. ಸಮುದ್ರದಲ್ಲೇ ಹಲಗೆ ಬಡಿದು ಈಜುಕೊಳ ಕಟ್ಟಿದ್ದರು. ಪೆರಿನಾಳ ಕೇರಿ ವೆಲಿ ವರೋಶ್ ಇಡೀ ಅಲ್ಲಿ ನೆರೆದಿತ್ತು. ಕೊನೆಯ ಹಲಗೆಯ ಬಳಿ ತೀರ್ಪುಗಾರನಾಗಿ ಮಂಡಿಯೂರಿ ಕೂತಿದ್ದವನು ಅದೇ ಕೇರಿಯ ಕ್ಷೌರಿಕ ಲೋವ್ರೆ. ಮಾತು ಕಡಿಮೆ, ಕಣ್ಣು ಚುರುಕು. ಸಂಘದ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದನೆಂದು ಅವನನ್ನು ಅಲ್ಲಿ ಕೂರಿಸಿದ್ದರು.

ಪ್ರಾಗ್‌ನ ಬ್ಲಾಜೆನಾ ಉದ್ದ ಕೈಕಾಲಿನ ಹುಡುಗಿ. ಮೊದಲಿನಿಂದ ಕೊನೆಯವರೆಗೆ ಇಬ್ಬರೂ ಪಕ್ಕಪಕ್ಕದಲ್ಲೇ ಇದ್ದರು, ಒಬ್ಬಳ ಉಸಿರು ಇನ್ನೊಬ್ಬಳಿಗೆ ಕೇಳುವಷ್ಟು ಹತ್ತಿರ. ಹಲಗೆ ಇನ್ನೇನು ಸಿಕ್ಕಿತು ಅನ್ನುವಾಗ ಪೆರಿನಾ ಬಲಗೈ ಚಾಚಿ ಬಡಿದಳು. ಜನ ಟೋಪಿಗಳನ್ನು ಮೇಲಕ್ಕೆ ಎಸೆದರು. ಅಕ್ಕಪಕ್ಕದವರು ಕೇಕಾತ್ತೆಯನ್ನು ಅಪ್ಪಿಕೊಂಡರು.

ಅಷ್ಟರಲ್ಲಿ ಲೋವ್ರೆ ಎದ್ದು ನಿಂತು ಕೈ ಎತ್ತಿದ. ಎರಡೂ ಕೈ ಒಟ್ಟಿಗೆ ಮುಟ್ಟಬೇಕಿತ್ತು, ಎಡಗೈ ಮುಟ್ಟಲಿಲ್ಲ ಎಂದ. ಗೆಲುವು ಬ್ಲಾಜೆನಾಳ ಪಾಲಾಯಿತು.

"ಕಣ್ಣಿಗೆ ಸೋಪು ಬಿತ್ತೇನೋ ಲೋವ್ರೆ?" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ಅವನ ಬಿಳಿ ಪ್ಯಾಂಟಿನ ಮೇಲೆ ಕಲ್ಲಂಗಡಿ ಸಿಪ್ಪೆ ಎಸೆದರು. ತನ್ನ ಎಡಗೈ ಎಲ್ಲಿತ್ತೆಂದು ಪೆರಿನಾಳಿಗೆ ಗೊತ್ತಿತ್ತು. ಆದರೆ ಇಡೀ ಕೇರಿ ತನಗಾಗಿ ಗಂಟಲು ಹರಿದುಕೊಳ್ಳುತ್ತಿರುವಾಗ ಬಾಯಿ ಬಿಡಲು ಧೈರ್ಯ ಬರಲಿಲ್ಲ.

ಅಂದಿನಿಂದ ಲೋವ್ರೆಯ ಅಂಗಡಿಗೆ ಯಾರೂ ಕಾಲಿಡಲಿಲ್ಲ. ಕೇರಿಯ ಗಂಡಸರು ಗಡ್ಡ ಬಿಟ್ಟರು. ಪಾದ್ರಿ ಕೂಡ ಬಂದರಿನಾಚೆ ಬೇರೆ ಕ್ಷೌರಿಕನನ್ನು ಹುಡುಕಿಕೊಂಡ. ಪೆರಿನಾ ಬುಟ್ಟಿ ಹೊತ್ತು ಆ ದಾರಿಯಲ್ಲಿ ಹೋಗುವಾಗಲೆಲ್ಲ ಲೋವ್ರೆ ಒಬ್ಬನೇ ನಿಂತು, ಮಸೆದ ಕತ್ತಿಯನ್ನೇ ಮತ್ತೆ ಚರ್ಮದ ಪಟ್ಟಿಗೆ ಮಸೆಯುತ್ತಿರುತ್ತಿದ್ದ. ಅವಳನ್ನು ಕಂಡರೆ ತಲೆಯಾಡಿಸಿ ನಮಸ್ಕಾರ ಹೇಳುತ್ತಿದ್ದ. ಬೈದಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ, ಚೌಕದ ತುಂಬ ಜನ ಇರುವಾಗ, ಪೆರಿನಾ ನೇರ ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು.

"ಕೂದಲು ಕತ್ತರಿಸು."

"ಇದು ಗಂಡಸರ ಅಂಗಡಿ, ಪೆರಿನಾ."

"ಗಂಡಸ್ರು ಎಲ್ಲಿದಾರೆ? ನಂಗಂತೂ ಯಾರೂ ಕಾಣ್ತಿಲ್ಲ."

ಅವನು ಬಾಗಿಲು ಹಾಕಲು ಹೋದ. ಅವಳು ತಡೆದಳು.

"ತೆಗೆದೇ ಇರ್ಲಿ. ಅವತ್ತು ನನ್ನ ಎಡಗೈ ಮುಟ್ಲಿಲ್ಲ. ನೀನು ಹೇಳಿದ್ದೇ ಸರಿ."

"ನಂಗೊತ್ತು."

"ನಿಂಗೊತ್ತು ಅಂತ ನಂಗೂ ಗೊತ್ತು. ಹೊರಗಿರೋರಿಗೆ ಗೊತ್ತಾಗ್ಲಿ ಅಂತ ಜೋರಾಗಿ ಹೇಳ್ತಿದೀನಿ."

ಚೌಕದಲ್ಲಿದ್ದವರು ಬಾಗಿಲ ಕಡೆ ತಿರುಗಿದರು. ಲೋವ್ರೆ ಅವಳ ಎರಡು ಜಡೆಗಳಲ್ಲಿ ಒಂದನ್ನು ಅಂಗೈಯಲ್ಲಿ ಎತ್ತಿ ಹಿಡಿದ.

"ಅಷ್ಟು ಹೇಳೋಕೆ ಕೂದಲು ಯಾಕೆ ತೆಗೆಸ್ಬೇಕು?"

"ಸುಮ್ನೆ ಬಂದು ಹೇಳಿ ಹೋದ್ರೆ ನಿನ್ನ ಕುರ್ಚಿ ಖಾಲಿನೇ ಇರುತ್ತಲ್ಲ. ಬೇಗ ಕತ್ತರಿಸು, ಅತ್ತೆ ಬರೋಷ್ಟರಲ್ಲಿ."

ಅರ್ಧ ಕತ್ತರಿಸುವಷ್ಟರಲ್ಲಿ ಅತ್ತೆ ಬಂದೇಬಿಟ್ಟಳು, ಏಪ್ರನ್ನಿನ ಮೇಲೆ ಮೀನಿನ ಹುರುಪೆ ಹಾಗೇ ಅಂಟಿಕೊಂಡಿತ್ತು. ನೆಲದ ಮೇಲೆ ಬಿದ್ದ ಜಡೆಯನ್ನು ನೋಡಿದಳು. ಕನ್ನಡಿಯಲ್ಲಿ ಹುಡುಗಿಯ ಮುಖ ನೋಡಿದಳು. ಆಮೇಲೆ ಗೋಡೆ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು.

"ಆ ಕಡೆನೂ ಸರಿಯಾಗಿ ಕತ್ತರಿಸೋ ಲೋವ್ರೆ. ಒಂದೇ ಕಡೆ ಜಡೆ ಇರೋಳನ್ನ ಯಾರು ಮದ್ವೆ ಆಗ್ತಾರೆ?"

ಸಂಜೆಗೆ ಒಬ್ಬ ಮುದುಕ ದೋಣಿಯವನು ಗಡ್ಡ ಕೆರೆದುಕೊಳ್ಳುತ್ತಾ ಬಂದು ಕುರ್ಚಿ ಹಿಡಿದ. ಸೋಮವಾರದ ಹೊತ್ತಿಗೆ ಬಾಗಿಲಲ್ಲಿ ಸಾಲು ನಿಂತಿತ್ತು.

ಮರುವರ್ಷ ಪೆರಿನಾ ಪ್ರಾಗ್‌ಗೆ ಹೋಗಿ ಈಜಿದಳು, ಮೂರನೆಯವಳಾದಳು. ಬ್ಲಾಜೆನಾ ಅವಳನ್ನು ಮನೆಗೆ ಕರೆದೊಯ್ದು, ಒಳಗೆ ಪ್ಲಮ್ ಹಣ್ಣಿಟ್ಟು ಬೇಯಿಸಿದ ಹಿಟ್ಟಿನ ಉಂಡೆಗಳನ್ನು ಹೊಟ್ಟೆ ಬಿರಿಯುವಷ್ಟು ತಿನ್ನಿಸಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯಿತು, ಉಳಿದರ್ಧಕ್ಕೆ ನಕ್ಕರು. ಕೂದಲು ಬೆಳೆದಾಗಲೆಲ್ಲ ಲೋವ್ರೆಯ ಕುರ್ಚಿಗೇ ಹೋಗುತ್ತಿದ್ದ ಪೆರಿನಾ, ಆ ಚಳಿಗಾಲದಲ್ಲೇ ಅವನನ್ನು ಮದುವೆಯಾದಳು. ಕೇಕಾತ್ತೆ ಮದುವೆಯಲ್ಲಿ ವೈನು ಕುಡಿದು ಅತ್ತಳು.

ಗಂಡನಿಗೆ ಈಜು ಬಾರದೆಂದು ಪೆರಿನಾಳಿಗೆ ತಿಳಿದದ್ದು ಮೊದಲ ಬೇಸಿಗೆಯಲ್ಲಿ. ಸಮುದ್ರದಲ್ಲಿ ಮೊಣಕಾಲು ಮುಳುಗುವಲ್ಲಿಗೆ ಬಂದು ಅವನು ನಿಂತುಬಿಟ್ಟ. ಚಿಕ್ಕಂದಿನಲ್ಲಿ ಅಣ್ಣ ಕಣ್ಣೆದುರೇ ಮುಳುಗಿದ್ದನ್ನು ಆಗ ಹೇಳಿದ. ಪೆರಿನಾ ಒತ್ತಾಯಿಸಲಿಲ್ಲ. ದಿನಾ ಬೆಳಗ್ಗೆ ಅವನ ಕೈ ಹಿಡಿದು ಹೋಗುತ್ತಿದ್ದಳು, ನಿನ್ನೆಗಿಂತ ಒಂದಿಷ್ಟು ಮುಂದೆ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಗದ್ದದ ಕೆಳಗೆ ಅವಳ ಅಂಗೈ ಇಟ್ಟುಕೊಂಡು ಕಾಲು ಬಡಿಯುವುದಕ್ಕೇ ಅವನಿಗೆ ಎರಡು ಬೇಸಿಗೆ ಬೇಕಾಯಿತು.

ಕೊನೆಗೊಂದು ದಿನ ಅವನು ತಾನಾಗಿಯೇ ಬಂಡೆಯಿಂದ ಬಂಡೆಗೆ ಈಜಿದ. ಅರ್ಧ ಸಮುದ್ರ ಕುಡಿದು, ಹತ್ತಿ ಬಂದು ನಡುಗುತ್ತಾ ಕೂತ. ಪೆರಿನಾ ಅವನ ಬೆನ್ನು ಒರೆಸಿ, ರೊಟ್ಟಿ ಮುರಿದು ಅದರೊಳಗೆ ಉಪ್ಪುಮೀನು ಇಟ್ಟು ಕೈಗೆ ಕೊಟ್ಟಳು.

"ಸಾಕಾ?" ಎಂದಳು.

"ಇದನ್ನ ತಿಂದು ಮತ್ತೆ ಇಳೀತೀನಿ."

ಅವಳು ಪಕ್ಕದಲ್ಲಿ ಕೂತು, ಅವನ ಹೆಗಲ ಮೇಲೆ ತಲೆಯಿಟ್ಟಳು. ದೋಣಿಗಳು ಒಂದೊಂದಾಗಿ ದಡದ ಕಡೆ ಬರುತ್ತಿದ್ದವು.