ಕಾಳಿಯಪ್ಪನ್ ಜಾಗಕ್ಕೆ ಒಂದು ಗೋಲ್ ಕಂಬ

ನಮ್ಮ ಸೋಮನೂರು ಫುಟ್‌ಬಾಲ್ ತಂಡದಲ್ಲಿ ಹದಿನೆಂಟು ವರ್ಷ ಆಡಿದ ಕಾಳಿಯಪ್ಪನನ್ನು ತೆಗೆದುಹಾಕಿ ಅವನ ಜಾಗಕ್ಕೆ ಒಂದು ಗೋಲ್ ಕಂಬವನ್ನು ಸೇರಿಸಿಕೊಳ್ಳಬೇಕೆಂದು, ಎಂಬತ್ತೇಳನೇ ಇಸವಿಯ ಪೊಂಗಲ್ ಕಳೆದ ಮೊದಲ ಭಾನುವಾರ, ನಾವು ಹನ್ನೆರಡು ಮಂದಿ ಕೂತು ಹೆಚ್ಚೂಕಡಿಮೆ ತೀರ್ಮಾನ ಮಾಡಿಯೇ ಬಿಟ್ಟಿದ್ದೆವು. ನಗಬೇಡಿ. ಆವತ್ತು ನಮಗೆ ಯಾರಿಗೂ ನಗು ಬರಲಿಲ್ಲ. ಯಾರೂ ಕುಡಿದೂ ಇರಲಿಲ್ಲ. ಬೆಳಗಿನ ಹತ್ತು ಗಂಟೆ, ಎಲ್ಲರ ಕೈಯಲ್ಲೂ ಕಾಫಿ ಲೋಟ ಇತ್ತು.

ಕಾಳಿಯಪ್ಪನ್ ಯಾರು ಅಂತ ಮೊದಲು ಹೇಳಬೇಕು. ಒಂಬತ್ತನೇ ವಯಸ್ಸಿಗೇ ಪವರ್‌ಲೂಮ್ ಶೆಡ್ಡಿಗೆ ಕೆಲಸಕ್ಕೆ ಬಂದವನು. ಗಿಡ್ಡ ಆಳು, ದುಂಡು ಹೊಟ್ಟೆ, ನಲವತ್ತೊಂದು ವರ್ಷ, ಎರಡು ಹೆಣ್ಣುಮಕ್ಕಳು. ಮಗ್ಗದ ಸದ್ದಿನಲ್ಲೇ ಬೆಳೆದ ನಮ್ಮವರೆಲ್ಲ ಪಕ್ಕದಲ್ಲಿ ಕೂತವರ ಹತ್ತಿರವೂ ಕಿರುಚಿಯೇ ಮಾತಾಡುತ್ತೇವೆ. ಮನೆಯೊಳಗೆ ಕನ್ನಡದಲ್ಲಿ ಕಿರುಚುತ್ತೇವೆ, ಬೀದಿಗೆ ಬಂದರೆ ತಮಿಳಿನಲ್ಲಿ ಕಿರುಚುತ್ತೇವೆ. ಇವನೊಬ್ಬ ಮಾತ್ರ ಮೆಲ್ಲಗೆ ಮಾತಾಡುತ್ತಿದ್ದ. ಹಾಗಾಗಿ ಅವನು ಏನು ಹೇಳುತ್ತಾನೆ ಎಂಬುದು ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂಬ ಆಸೆಯೂ ಯಾರಿಗೂ ಇರಲಿಲ್ಲ.

ಅರವತ್ತೆಂಟರಲ್ಲಿ ಒಂದು ದಿನ ತಂಡಕ್ಕೆ ಒಬ್ಬ ಆಟಗಾರ ಕಡಿಮೆ ಬಿದ್ದ. ಕುಡಿಯುವ ನೀರಿನ ಕೊಡ ಹೊತ್ತು ಬಂದಿದ್ದ ಇವನನ್ನು ಆಗಿನ ಕ್ಯಾಪ್ಟನ್ ಕರೆದು, ನಮ್ಮ ಗೋಲಿನ ಎಡಗಡೆ ನಿಲ್ಲಿಸಿ, "ಇಲ್ಲಿಂದ ಅಲ್ಲಾಡಬ್ಯಾಡ" ಅಂದ. ಆ ಕ್ಯಾಪ್ಟನ್ ತೀರಿಕೊಂಡೇ ಹತ್ತು ವರ್ಷವಾಯಿತು. ಇವನು ಅಲ್ಲಾಡಲಿಲ್ಲ. ಹದಿನೆಂಟು ವರ್ಷದಲ್ಲಿ ಕಾಳಿಯಪ್ಪನ್ ಮೈದಾನದ ನಡುಗೆರೆ ದಾಟಿದ್ದು, ಅರ್ಧ ಆಟ ಮುಗಿದು ಎರಡೂ ಕಡೆಯವರು ಬದಿ ಬದಲಾಯಿಸುವಾಗ ಮಾತ್ರ.

ತಿರುಪ್ಪೂರಿನಿಂದ ತಂದ ಬಿಳಿ ಬನಿಯನ್‌ಗಳಿಗೆ ಹಸಿರು ಬಣ್ಣ ಹಾಕಿಸಿ, ಬೆನ್ನಿಗೆ ನಂಬರು ಹೊಲಿಸಿದರೆ ಅದೇ ನಮ್ಮ ತಂಡದ ಉಡುಪು. ಕಾಳಿಯಪ್ಪನದು ಮೂರನೇ ನಂಬರು. ಅದನ್ನು ಅವನು ಹೆಂಡತಿಯ ಕೈಗೂ ಕೊಡದೆ ತಾನೇ ಒಗೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿ ಇಡುತ್ತಿದ್ದ. "ನನ್ನ ಮದುವೆ ಮುಹೂರ್ತದ ಸೀರೆನ ಇಷ್ಟು ಚೆನ್ನಾಗಿ ಯಾರೂ ಮಡಿಸಲಿಲ್ಲ" ಎಂದು ಅವನ ಹೆಂಡತಿ ಶಿವಗಾಮಿ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಅದೊಂದು ಬನಿಯನ್ ಬಿಟ್ಟರೆ ಅವನದೆಂದು ಹೇಳಿಕೊಳ್ಳುವ ಹೆಮ್ಮೆ ಬೇರೆ ಇರಲಿಲ್ಲ.

ತಂಡಕ್ಕೆ ನಮ್ಮ ಅಭಿಮಾನಿಗಳದೊಂದು ಸಂಘ ಇತ್ತು. ಮಗ್ಗದ ಶೆಡ್ಡಿನ ಯಜಮಾನ ಚೆನ್ನಿಯಪ್ಪನ್ ಮಾಮ ಅಧ್ಯಕ್ಷರು; ಕಾರ್ಯದರ್ಶಿ ನಾನು, ಕುಪ್ಪುಸಾಮಿ; ಆಟಗಾರರ ಪರವಾಗಿ ವೇಲುಸಾಮಿಯನ್ನೂ ಸೇರಿಸಿ ಒಟ್ಟು ಹನ್ನೆರಡು ಮಂದಿ. ಪ್ರತಿ ವರ್ಷ ಪೊಂಗಲ್ ಆದಮೇಲೆ ಕೂತು, ಆ ಸಲದ ಆಟಗಳನ್ನೆಲ್ಲ ನೆನೆಸಿಕೊಳ್ಳುವುದು ಪದ್ಧತಿ. ಹನ್ನೊಂದು ಆಟಗಾರರಲ್ಲಿ ಪ್ರತಿಯೊಬ್ಬರದೂ ಒಂದಾದರೂ ಆಟ ಯಾರಿಗಾದರೂ ನೆನಪಿರಬೇಕು. ಯಾರ ನೆನಪಿಗೂ ಬಾರದವನು ಆಡಿಲ್ಲವೆಂದೇ ಲೆಕ್ಕ, ಅವನು ಬನಿಯನ್ ವಾಪಸ್ ಕೊಟ್ಟು ಹೋಗಬೇಕು. ಈ ದರಿದ್ರ ನಿಯಮ ಮಾಡಿದವನು ನಾನೇ.

ಅದುವರೆಗೆ ಕಾಳಿಯಪ್ಪನ್ ಹೇಗೋ ಪಾರಾಗಿದ್ದ. ಒಂದು ವರ್ಷ ಮೈದಾನಕ್ಕೆ ನುಗ್ಗಿದ ಎಮ್ಮೆಯನ್ನು ಓಡಿಸಿದ್ದು ಯಾರಿಗೋ ನೆನಪಾಯಿತು. ಇನ್ನೊಂದು ವರ್ಷ ರೆಫ್ರಿಯ ಕಳೆದುಹೋದ ಸೀಟಿ ಹುಡುಕಿಕೊಟ್ಟಿದ್ದ. ಅದನ್ನೂ ಆಟ ಅಂತಲೇ ಒಪ್ಪಿಕೊಂಡೆವು. ಎಂಬತ್ತಾರರಲ್ಲಿ ಎಮ್ಮೆಯೂ ಬರಲಿಲ್ಲ, ಸೀಟಿಯೂ ಕಳೆಯಲಿಲ್ಲ.

ಆ ವರ್ಷ ಒಂಬತ್ತು ಪಂದ್ಯ ಆಡಿ ಎಂಟು ಸೋತೆವು. ಸೋಲದೆ ಉಳಿದದ್ದು ಉಕ್ಕಡದಲ್ಲಿ ಕೆರೆ ಪಕ್ಕದ ಮೈದಾನದಲ್ಲಿ ಆಡಿದ್ದು ಒಂದೇ. ಅವರೂ ಗೋಲು ಹೊಡೆಯಲಿಲ್ಲ, ನಾವೂ ಹೊಡೆಯಲಿಲ್ಲ. ಆಗ ರಂಗನಾಥ ಪೆರುಮಾಳಿಗೆ ಮೀಸಲಾದ ಪುರಟ್ಟಾಸಿ ತಿಂಗಳು. ತಂಡಕ್ಕೆ ಬಡಿದ ಶನಿ ಬಿಡಲಿ ಎಂದು ಕಾರಮಡೈ ರಂಗನಾಥರಿಗೆ ಹರಕೆ ಹೊತ್ತು, ಆಟಗಾರರು, ಅಭಿಮಾನಿಗಳು, ಹೆಂಡಿರು ಮಕ್ಕಳು ಯಾರೂ ತಿಂಗಳಿಡೀ ಮೀನು ಮಾಂಸ ಮುಟ್ಟಬಾರದೆಂದು ಕಟ್ಟು ಮಾಡಿದ್ದೆವು. ಕಾವಲಿಗೆ ನಾನು. ಒಬ್ಬೊಬ್ಬರ ಬಾಯಿ ಮೂಸಿ ನೋಡುತ್ತಿದ್ದೆ. ಗೋಲ್‌ಕೀಪರ್ ವೇಲುಸಾಮಿ ಬಸ್ ಸ್ಟ್ಯಾಂಡಿನಲ್ಲಿ ಆಮ್ಲೆಟ್ ತಿಂದನೆಂದು ಅಲ್ಲೇ, ಬಸ್ಸುಗಳ ಮಧ್ಯೆ, ಕಾರಮಡೈ ದಿಕ್ಕಿಗೆ ಅಡ್ಡಬೀಳಿಸಿದೆ. ಆಮೇಲೆ ಆ ದಿಕ್ಕು ಕಾರಮಡೈಯದಲ್ಲ, ಪೊಳ್ಳಾಚಿಯದು ಅಂತ ಗೊತ್ತಾಗಿ ಇನ್ನೊಂದು ಸಲ ಬೀಳಿಸಿದೆ.

ಉಕ್ಕಡದ ಪಂದ್ಯ ಮುಗಿಯಲು ಐದು ನಿಮಿಷ ಇದ್ದಾಗ ಆಚೆ ಗೋಲಿನ ಹತ್ತಿರ ಜಗಳ ಎದ್ದಿತು. ನಮಗೆ ಕೊಡಬೇಕಾದ ಪೆನಾಲ್ಟಿ ಕೊಡಲಿಲ್ಲವೆಂದು ನಮ್ಮವರೆಲ್ಲ ರೆಫ್ರಿಯನ್ನು ಮುತ್ತಿದರು. ಅಭಿಮಾನಿಗಳು ಓಡಿದರು, ಅವರ ಕಡೆಯವರು ಓಡಿದರು, ವೇಲುಸಾಮಿ ಗೋಲು ಬಿಟ್ಟು ಓಡಿದ. ಸೀಟಿ ಊದಲು ರೆಫ್ರಿಗೆ ಕೈ ಎತ್ತಲೂ ಜಾಗವಿರಲಿಲ್ಲ. ಗಲಾಟೆ ತಣ್ಣಗಾಗಿ ತಿರುಗಿ ನೋಡಿದರೆ ಚೆಂಡು ನಮ್ಮ ಗೋಲ್ ಕಂಬದ ಬುಡದಲ್ಲಿದೆ, ಕಾಳಿಯಪ್ಪನ್ ನೆಲದ ಮೇಲೆ ಮಲಗಿದ್ದಾನೆ, ಅವರ ಕಡೆಯ ಒಬ್ಬ ಆಟಗಾರ ತಲೆ ಮೇಲೆ ಕೈ ಹೊತ್ತು ನಿಂತಿದ್ದಾನೆ. "ನಾ ಹೊಡೆದೆ, ಕಂಬಕ್ಕೆ ಬಡಿದು ವಾಪಸ್ ಬಂತು" ಅಂದ ಅವನು. ಅಷ್ಟು ಸಾಕಾಯಿತು ನಮಗೆ. ಹರಕೆ ಫಲಿಸಿತು, ರಂಗನಾಥರೇ ಕಂಬದಲ್ಲಿ ನಿಂತು ತಡೆದರು ಎಂದು ಕುಣಿದಾಡಿದೆವು.

ಉಕ್ಕಡದವರು ಕಬ್ಬಿಣದ ಕಂಬ ಹಾಕಿಸುವವರಿದ್ದರು, ಹಳೆಯ ಸರ್ವೆ ಕಂಬವನ್ನು ನಮಗೇ ಕೊಟ್ಟರು. ಬಸ್ಸಿನ ಮೇಲೆ ಹಾಕಿಕೊಂಡು ತಂದೆವು; ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಹರಿದ. ಶೆಡ್ಡಿನ ಅಂಗಳದಲ್ಲಿ ನೆಟ್ಟು ಅರಿಶಿನ ಕುಂಕುಮ ಹಚ್ಚಿದೆವು. ಹೆಂಗಸರು ದೀಪ ಇಡತೊಡಗಿದರು.

ದೀಪ ಇಟ್ಟ ಮೊದಲನೇ ವಾರವೇ ಕಾಳಿಯಪ್ಪನ್ ನಮ್ಮ ಮುಂದೆ ಬಂದು, "ಕಂಬ ಅಲ್ಲಣ್ಣಾ, ನಾ ತಡೆದೆ, ಹೊಟ್ಟೇಲಿ" ಅಂದ. ಎರಡು ಸಲ ಹೇಳಿಸಿದ ಮೇಲೆ ನಮಗೆ ಕೇಳಿಸಿತು. ಕೇಳಿಸಿದ್ದೇ ತಡ, ಎಲ್ಲರೂ ಅವನ ಮೇಲೆ ಬಿದ್ದರು. ಎಲ್ಲರಿಗಿಂತ ಜೋರಾಗಿ ಬಿದ್ದವನು ನಾನು. "ದೇವರ ಕೆಲಸಕ್ಕೆ ಪಾಲು ಕೇಳ್ತೀಯೇನೋ? ನಾಚಿಕೆ ಇಲ್ಲವಾ ನಿನಗೆ? ನಾಲಿಗೆ ಬಿದ್ದುಹೋಗ್ತದೆ!" ಎಂದು ಬಾಯಿಗೆ ಬಂದಂತೆ ಬೈದೆ. ಶಿವಗಾಮಿಯೂ ಅವನ ತೋಳು ಹಿಡಿದು ಎಳೆದುಕೊಂಡು ಹೋಗಿ ಕಂಬದ ಮುಂದೆ ಕೆನ್ನೆ ಬಡಿದುಕೊಳ್ಳಲು ಹೇಳಿದಳು. ಅವನು ಬಡಿದುಕೊಂಡ. ಮತ್ತೆ ಆ ಮಾತೆತ್ತಲಿಲ್ಲ.

ಈಗ ನನ್ನ ವಿಷಯ. ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ. ಆ ಐದು ನಿಮಿಷ ನಾನು ಜಗಳಕ್ಕೆ ಹೋಗಿರಲಿಲ್ಲ. ನಮ್ಮ ಗೋಲಿನ ಹಿಂದೆ, ಕೆರೆ ಏರಿಯ ಕೆಳಗೆ, ಒಬ್ಬ ಅಜ್ಜಿ ಬಾಣಲೆ ಇಟ್ಟು ಮೀನು ಹುರಿಯುತ್ತಿದ್ದಳು. ಹದಿನೇಳು ದಿನದಿಂದ ಬರೀ ಬೇಳೆ ಸಾರು ಉಂಡು, ಊರವರ ಬಾಯೆಲ್ಲ ಮೂಸಿ ಮೂಸಿ ನನಗೆ ತಲೆ ಕೆಟ್ಟುಹೋಗಿತ್ತು. ಎಲ್ಲರೂ ಆಚೆ ಓಡಿದ್ದು ನೋಡಿ ನಾನು ಈಚೆ ಓಡಿದೆ. ಮೂರನೇ ತುಂಡು ಬಾಯಲ್ಲಿದ್ದಾಗ ತಲೆ ಎತ್ತಿದರೆ, ಆ ಆಟಗಾರ ಒಬ್ಬನೇ ಚೆಂಡು ತಳ್ಳಿಕೊಂಡು ಬರುತ್ತಿದ್ದಾನೆ. ಗೋಲು ಬಟಾಬಯಲು. ಕಾಳಿಯಪ್ಪನ್ ತನ್ನ ಜಾಗದಲ್ಲಿ ನಿಂತಿದ್ದವನು ಯಾರನ್ನಾದರೂ ಕೇಳೋಣವೆಂದು ಆ ಕಡೆ ಈ ಕಡೆ ನೋಡಿದ. ಯಾರೂ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ತಾನೇ ತೀರ್ಮಾನ ಮಾಡಿ, ನಾಲ್ಕು ಹೆಜ್ಜೆ ಅಡ್ಡ ಓಡಿ, ಕಣ್ಣು ಮುಚ್ಚಿ ಹೊಟ್ಟೆ ಮುಂದೆ ಕೊಟ್ಟ. ಬಟ್ಟೆಯ ಗಂಟು ಲಾರಿಯಿಂದ ಕೆಳಗೆ ಬಿದ್ದ ಹಾಗೆ ಸದ್ದಾಯಿತು. ಚೆಂಡು ಅವನ ಮೈಮೇಲಿಂದ ಉರುಳಿ ಕಂಬಕ್ಕೆ ತಾಗಿ ನಿಂತಿತು. ಹೊಟ್ಟೆಗೆ ಹೊಡೆದು ಗೋಲು ಕಳೆದುಕೊಂಡೆ ಎನ್ನಲು ನಾಚಿಕೆಯಾಗಿ ಆ ಆಟಗಾರ ಕಂಬ ಅಂದ. ಮೀನು ತಿಂದೆ ಎನ್ನಲು ನಾಚಿಕೆಯಾಗಿ ನಾನೂ ಕಂಬ ಅಂದೆ.

ಪೊಂಗಲ್ ಆಗಿ ಶೆಡ್ಡಿನ ಜಗಲಿಯಲ್ಲಿ ಸಭೆ ಸೇರಿತು. ಒಬ್ಬೊಬ್ಬರ ಆಟ ನೆನಪಾಗುತ್ತ ಹೋಯಿತು. ವೇಲುಸಾಮಿ ಒಂದೇ ಪಂದ್ಯದಲ್ಲಿ ಏಳು ಗೋಲು ಬಿಟ್ಟರೂ ಎಂಟನೆಯದಕ್ಕೆ ಕೈ ತಾಗಿಸಿದ್ದನ್ನು ಮೂವರು ನೆನೆದು ಕಣ್ಣೊರೆಸಿಕೊಂಡರು. ಹತ್ತು ಜನ ಪಾರಾದರು. ಮೂರನೇ ನಂಬರು ಬಂದಾಗ ಎಲ್ಲರೂ ಸೂರು ನೋಡಿದರು. ಒಂಬತ್ತು ಪಂದ್ಯಗಳನ್ನೂ ಒಂದೊಂದಾಗಿ ಜಾಲಾಡಿದೆವು. ಕಾಳಿಯಪ್ಪನ್ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ಯಾರಾದರೂ ಬಾಯಿ ತೆರೆದರೆ ಅವನ ಮುಖವೂ ಅರಳುವುದು. ಅವರು ಆಕಳಿಸಿ ಬಾಯಿ ಮುಚ್ಚಿದರೆ ಅವನೂ ಬಾಡುವನು. ನೋಡಲಾಗುತ್ತಿರಲಿಲ್ಲ ನನಗೆ.

"ಏನ್ ಮಾಡೋದಪ್ಪಾ," ಅಂದರು ಚೆನ್ನಿಯಪ್ಪನ್ ಮಾಮ. "ನೆನಪಿರೋ ಆಟ ಅಂದ್ರೆ ಈ ಕಂಬದ್ದು. ಅದಕ್ಕೆ ಬನಿಯನ್ ಇಲ್ಲ. ಇವನಿಗೆ ಬನಿಯನ್ ಐತೆ, ಆಟ ಇಲ್ಲ."

ಹನ್ನೆರಡು ತಲೆಗಳೂ ಅಲ್ಲಾಡಿದವು. ಅದರಲ್ಲಿ ನನ್ನದೂ ಒಂದು. ಮಡಿಸಿಟ್ಟ ಬನಿಯನ್ನನ್ನು ಶಿವಗಾಮಿ ತಂದಳು. ಕಾಳಿಯಪ್ಪನ್ ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡು ಅಂಗಳಕ್ಕಿಳಿದು ಹೋಗಿ ಕಂಬಕ್ಕೆ ತಾನೇ ತೊಡಿಸಿದ. ಸುಕ್ಕು ಬಿದ್ದಿತೆಂದು ಅಂಗೈಯಿಂದ ತೀಡಿ ಸರಿಮಾಡಿದ. ಆಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಬದ ಪಕ್ಕದಲ್ಲೇ ನಿಂತುಬಿಟ್ಟ.

"ಅವನೇ ತಡೆದದ್ದು!" ಎಂದು ಕಿರುಚಿದೆ. "ಹೊಟ್ಟೇಲಿ ತಡೆದ! ನಾ ಕಣ್ಣಾರೆ ನೋಡಿದೆ!"

"ಲೇ ಕುಪ್ಪಾ, ಪಾಪ ಅಂತ ಸುಳ್ಳು ಹೇಳಬ್ಯಾಡ," ಅಂದರು ಮಾಮ. "ಹರಕೆ ಹೊತ್ತಿದ್ದೆವು, ದೇವರು ತಡೆದ. ನೀ ಎಲ್ಲಿಂದ ನೋಡಿದೆ?"

"ಗೋಲಿನ ಹಿಂದೆ ಇದ್ದೆ."

"ಅಲ್ಲೇನು ಮಾಡ್ತಿದ್ದೆ?"

"ಮೀನು ತಿಂತಿದ್ದೆ."

ಲೋಟಗಳು ನೆಲಕ್ಕಿಳಿದವು. ವೇಲುಸಾಮಿ ಎದ್ದು ನಿಂತ. ಎರಡು ದಿಕ್ಕಿಗೂ ಅಡ್ಡಬಿದ್ದ ಸಿಟ್ಟು ಅವನ ಮುಖದಲ್ಲಿ ಹೊತ್ತಿ ಉರಿಯುತ್ತಿತ್ತು.

"ಯಾವ ಮೀನು?" ಅಂದ.

"ಜಿಲೇಬಿ ಮೀನು."

"ಎಷ್ಟು ತುಂಡು?"

"ಮೂರು... ಐದು."

ಅವನು ನನ್ನ ಕುತ್ತಿಗೆಗೆ ಕೈ ಹಾಕುವಷ್ಟರಲ್ಲಿ ಮಾಮ ಕೈ ಎತ್ತಿದರು. ಬೆರಳು ಮಡಿಸಿ, ಒಂದೊಂದೇ ಮಾತು ಹೇಳಿದರು. "ಕಾರ್ಯದರ್ಶಿ ಮೀನು ತಿಂದ. ಹರಕೆ ಅಲ್ಲೇ ಕೆಟ್ಟುಹೋಯ್ತು. ಕೆಟ್ಟ ಹರಕೆಗೆ ಪೆರುಮಾಳು ಕಾರಮಡೈ ಬಿಟ್ಟು ಉಕ್ಕಡಕ್ಕೆ ಬಂದು ನಿಲ್ತಾರಾ? ನಿಲ್ಲಲ್ಲ. ಆಮೇಲೆ ಅಲ್ಲಿ ಇದ್ದವನು ಯಾರು? ಇವನೊಬ್ಬನೇ." ಅಷ್ಟು ಹೇಳಿ ಕಾಳಿಯಪ್ಪನ ಕಡೆ ತಿರುಗಿದರು. "ಹಾಗಾದ್ರೆ ನೀನೇ ತಡೆದದ್ದು ಕಣಪ್ಪಾ."

ನನ್ನ ಕಾರ್ಯದರ್ಶಿ ಪದವಿ ಅಲ್ಲೇ ಹೋಯಿತು. ಹೋಗಲಿ ಬಿಡಿ. ಕಾಳಿಯಪ್ಪನ್ ಕುಣಿಯುತ್ತಾನೆ, ಇಲ್ಲವೇ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆಯಲ್ಲೋ ಪಾಪಿ ಎಂದು ನನ್ನ ಕೆನ್ನೆಗೆ ಬಾರಿಸುತ್ತಾನೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ನನ್ನ ಹತ್ತಿರ ಬಂದು ನನ್ನ ಮುಖವನ್ನೇ ನೋಡಿದ.

"ಕುಪ್ಪಣ್ಣಾ, ಅದು ನಿಜವಾಗ್ಲೂ ನಡೀತಾ?" ಎಂದು ಕೇಳಿದ. "ನೀವೆಲ್ಲಾ ಇಲ್ಲ ಅಂದ್ರಿ, ಇವಳೂ ಇಲ್ಲ ಅಂದಳು. ಬರ್ತಾ ಬರ್ತಾ ನಾನೂ ಇಲ್ಲ ಅಂತಲೇ ಅಂದ್ಕೊಂಡೆ."

"ನಡೀತು ಕಣೋ," ಅಂದೆ.

"ಇನ್ನೊಂದ್ಸಲ ಹೇಳು."

ಹೇಳಿದೆ. ಅವನು ಆಚೀಚೆ ನೋಡಿದ್ದು, ನಾಲ್ಕು ಹೆಜ್ಜೆ, ಮುಚ್ಚಿದ ಕಣ್ಣು, ಆ ಸದ್ದು, ಎಲ್ಲ ಹೇಳಿದೆ. ಮತ್ತೊಂದು ಸಲ ಕೇಳಿದ, ಮತ್ತೊಂದು ಸಲ ಹೇಳಿದೆ. ಅಷ್ಟರಲ್ಲಿ ಶಿವಗಾಮಿ ಕಂಬದಿಂದ ಬನಿಯನ್ ಬಿಚ್ಚಿ ತಂದು ಅವನ ಹೆಗಲಿಗೆ ಹಾಕಿದವಳು, ಇದ್ದಕ್ಕಿದ್ದ ಹಾಗೆ ಅವನ ಹೊಟ್ಟೆಯ ಮೇಲೆ ಕೈ ಇಟ್ಟಳು. ಹನ್ನೆರಡು ಗಂಡಸರ ಮುಂದೆ.

"ಇಲ್ಲೇನಾ ಬಿದ್ದದ್ದು?" ಎಂದು ಕೇಳಿದಳು. "ನೋವಾಯಿತಾ?"

"ಎಂಟು ದಿವ್ಸ ಇತ್ತು," ಅಂದ ಕಾಳಿಯಪ್ಪನ್. "ಯಾರ ಹತ್ರ ಹೇಳೋದು? ಪೆಟ್ಟು ಬಿದ್ದದ್ದು ಕಂಬಕ್ಕೆ ಅಂದ್ರಲ್ಲಾ ಎಲ್ರೂ."